ಓಟದ ಮೋಟಾರ್ ಸೈಕಲ್ಲಿಗೆ ಮೈಹೊದಿಕೆ ಆರಿಸುವ ಬಗೆ



ನಮ್ಮ ಉಚಿತ ವಾಚನಾಲಯಕ್ಕೆ ಸಂಜೆಯ ಹೊತ್ತು ಬರತಕ್ಕ ತರುಣರಲ್ಲಿ ಈಚೆಗೆ ಒಂದು ಹೊಸ ಮಾತು ಕೇಳಿಬರುತ್ತಿದೆ. ಮೊದಲು ಕ್ರಿಕೆಟ್ಟು, ಸಿನಿಮಾ, ಊರ ಕಡೆಯ ಮಳೆ ಬೆಳೆ ಎಂದು ಮಾತಾಡುತ್ತಿದ್ದವರು ಈಗ ಪತ್ರಿಕೆಯನ್ನು ಮುಖಕ್ಕೆ ಅಡ್ಡಹಿಡಿದು 'ಟ್ರ್ಯಾಕ್ ಡೇ' ಎಂದೂ 'ರೇಸ್ ಫೇರಿಂಗ್' ಎಂದೂ ಪಿಸುಗುಟ್ಟುತ್ತಾರೆ. ಅವರಲ್ಲಿ ಸಾಮಾನು ಹಂಚುವ ಹುಡುಗರಿದ್ದಾರೆ, ಬಾಲಾನಗರದ ಕಾರ್ಖಾನೆಗಳಲ್ಲಿ ದುಡಿಯುವವರಿದ್ದಾರೆ, ನನ್ನಂತಹ ಗುಮಾಸ್ತರೂ ಇಬ್ಬರಿದ್ದಾರೆ. ಈ ವಿಷಯವಾಗಿ ಒಂದು ಪಾಠ ಬರೆದುಕೊಡಬೇಕೆಂದು ಅವರು ಕೇಳಿದಾಗ ನಾನು ಮೊದಲು ನಕ್ಕುಬಿಟ್ಟೆ. ನಾನು ಮೆಟ್ರಿಕ್‌ವರೆಗೆ ಓದಿ ನೂಲಿನ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಓಟದ ವಾಹನದ ಮೇಲೆ ಈವರೆಗೆ ಕುಳಿತವನಲ್ಲ. ಆದರೆ ನನ್ನ ತಮ್ಮ ಕುಳಿತವನು, ಬಿದ್ದವನು, ಮತ್ತೆ ಎದ್ದವನು. ಅವನ ಸಲುವಾಗಿ ಎರಡು ವರ್ಷ ಈ ಸಾಮಾನಿನ ಹಿಂದೆ ಅಲೆದಾಡಿ ನಾನು ಕಲಿತದ್ದಷ್ಟನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಪದಗಳನ್ನು ತಿಳಿದುಕೊಳ್ಳೋಣ. ಮೋಟಾರ್ ಸೈಕಲ್ಲಿನ ಮುಂಭಾಗವನ್ನೂ ಎರಡು ಪಕ್ಕೆಗಳನ್ನೂ ಮುಚ್ಚುವ ಚಿಪ್ಪಿಗೆ ಫೇರಿಂಗ್ ಎನ್ನುತ್ತಾರೆ. ನಾನು ಇದನ್ನು ಮೈಹೊದಿಕೆ ಎಂದು ಕರೆಯುವೆನು. ಇದರಲ್ಲಿ ಮುಖದ ಭಾಗ, ಎರಡು ಪಕ್ಕೆಗಳು, ಎಂಜಿನ್ನಿನ ಕೆಳಗೆ ಬರುವ ಹೊಟ್ಟೆ, ಹಿಂದಿನ ಬಾಲ ಎಂದು ನಾಲ್ಕೈದು ತುಂಡುಗಳಿರುತ್ತವೆ. ಟ್ರ್ಯಾಕ್ ಡೇ ಎಂದರೆ ಪಂದ್ಯವಲ್ಲ. ಅಲ್ಲಿ ಬಹುಮಾನವಿಲ್ಲ, ಗೆದ್ದವನಿಲ್ಲ. ಓಟದ ಅಂಗಳವನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಪಡೆದವರು ಸವಾರರಿಂದ ಶುಲ್ಕ ತೆಗೆದುಕೊಂಡು, ಅವರನ್ನು ಅನುಭವಕ್ಕೆ ತಕ್ಕಂತೆ ಗುಂಪುಗಳಾಗಿ ಮಾಡಿ, ಸರದಿಯ ಮೇಲೆ ಸುತ್ತು ಹೊಡೆಯಲು ಬಿಡುತ್ತಾರೆ. ರಸ್ತೆಯಲ್ಲಿ ವೇಗವಾಗಿ ಹೋಗಿ ಪರರ ಮಕ್ಕಳನ್ನು ಕೊಲ್ಲುವುದಕ್ಕಿಂತ ಇದು ಎಷ್ಟೋ ಮೇಲು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಇಂತಹ ಅಂಗಳಗಳು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು. ಮದ್ರಾಸಿನವರು ಬಹಳ ವರ್ಷ ಶೋಲಾವರಂನ ಹಳೆಯ ವಿಮಾನದಾರಿಯ ಮೇಲೆ ಓಟ ನಡೆಸಿದರು. ಬಳಿಕ 1990ರಲ್ಲಿ ಶ್ರೀಪೆರುಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈ ಎಂಬಲ್ಲಿ ಓಟಕ್ಕೆಂದೇ ಅಂಗಳ ಕಟ್ಟಿದರು. ಅದರ ಸುತ್ತಳತೆ 3.7 ಕಿಲೋಮೀಟರ್. ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳ್ಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಅದು ಇನ್ನೂ ಚಿಕ್ಕದು. ದೆಹಲಿಯ ಪಕ್ಕದ ಗ್ರೇಟರ್ ನೋಯ್ಡಾದಲ್ಲಿ 2011ರಲ್ಲಿ ತೆರೆದ ಬುದ್ಧ ಅಂಗಳ ಐದು ಕಿಲೋಮೀಟರಿಗೂ ಮೇಲ್ಪಟ್ಟುದು. ನಮ್ಮ ಊರಿನಲ್ಲಿ 2023ರ ಫೆಬ್ರವರಿ 11ರಂದು ಹುಸೇನ್ ಸಾಗರದ ದಂಡೆಯ ಬೀದಿಗಳನ್ನೇ ಕಟ್ಟಿ ವಿದ್ಯುತ್ ಕಾರುಗಳ ಫಾರ್ಮುಲಾ ಇ ಪಂದ್ಯ ನಡೆಸಿದರು. ಟ್ಯಾಂಕ್ ಬಂಡ್ ಕಡೆ ಹೋಗಬೇಕಾಗಿದ್ದ ನಮ್ಮ ಬಸ್ಸುಗಳೆಲ್ಲ ಬೇರೆ ದಾರಿ ಹಿಡಿದದ್ದು ನೆನಪಿರಬಹುದು. ಅದು ಕಾರುಗಳ ಸಂಗತಿ, ನಮಗೆ ಸಂಬಂಧಿಸಿದ್ದಲ್ಲ. ಸಿಕಂದರಾಬಾದಿನ ತರುಣನು ದೊಡ್ಡ ಅಂಗಳದಲ್ಲಿ ಓಡಿಸಬೇಕೆಂದರೆ ಆರುನೂರು ಕಿಲೋಮೀಟರಿಗೂ ಹೆಚ್ಚು ದೂರ ಮದ್ರಾಸಿನ ಕಡೆಗೆ ಹೋಗಬೇಕಾಗುವುದು. ಅಷ್ಟು ದೂರ ಹೋಗಿ, ರಜೆ ಕಳೆದುಕೊಂಡು, ಸಾಮಾನು ಸರಿಯಿಲ್ಲವೆಂದು ಹೊರಗೆ ನಿಲ್ಲುವ ಸ್ಥಿತಿ ಯಾರಿಗೂ ಬರಬಾರದು.

ಹೊದಿಕೆ ಏತಕ್ಕೆ ಹುಟ್ಟಿತು? ಗಾಳಿಗಾಗಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಅದನ್ನು ಸೀಳಿಕೊಂಡು ಹೋಗಲು ಬೇಕಾಗುವ ಶಕ್ತಿ ಎಂಟರಷ್ಟಾಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಿದ್ದ ಜಾವಾ, ಯೆಜ್ಡಿಗಳಿಗೆ ಈ ಹೊದಿಕೆಯ ಗೊಡವೆಯೇ ಇರಲಿಲ್ಲ. ನಮ್ಮ ತಂದೆಯವರ ಯೆಜ್ಡಿಯ ಮೇಲೆ ಹುಮನಾಬಾದಿನಿಂದ ಬೀದರಿಗೆ ಹೋಗುವಾಗ ಗಾಳಿಯೆಲ್ಲ ಎದೆಗೇ ಬಡಿಯುತ್ತಿತ್ತು. ಯುರೋಪಿನ ಓಟಗಾರರು ಮಾತ್ರ ಬಹಳ ಹಿಂದೆಯೇ ಇದನ್ನು ಯೋಚಿಸಿದರು. ಇಟಲಿಯ ಮೊಟೊ ಗುಜ್ಜಿಯವರು 1950ರಲ್ಲಿ ತಮ್ಮ ಕಾರ್ಖಾನೆಯಲ್ಲಿಯೇ ಗಾಳಿಸುರಂಗವೊಂದನ್ನು ಕಟ್ಟಿದರು. ಆ ದಶಕದ ವಾಹನಗಳು ಮುಂದಿನ ಚಕ್ರವನ್ನೂ ನುಂಗಿಬಿಡುವ ಡೊಳ್ಳುಹೊಟ್ಟೆಯ ಹೊದಿಕೆಯನ್ನು ತೊಟ್ಟು ಬಂದವು. ಅದನ್ನು ಜನ ಕಸದ ಡಬ್ಬಿ ಎಂದೇ ಕರೆದರು. ವೇಗವೇನೋ ಬಂತು. ಆದರೆ ಪಕ್ಕದಿಂದ ಗಾಳಿ ಬೀಸಿದರೆ ಆ ದೊಡ್ಡ ಚಿಪ್ಪು ಹಾಯಿಯಂತೆ ಹಿಡಿದು ಸವಾರನನ್ನು ದಾರಿ ತಪ್ಪಿಸುತ್ತಿತ್ತು. ಆದುದರಿಂದ 1957ರ ಪಂದ್ಯಗಳು ಮುಗಿದ ಮೇಲೆ ಅಂತರರಾಷ್ಟ್ರೀಯ ಸಂಘದವರು ಅದನ್ನು ನಿಷೇಧಿಸಿದರು. ಅಂದಿನಿಂದ ಮುಂದಿನ ಚಕ್ರ ಬಯಲಾಗಿಯೇ ಇರಬೇಕೆಂಬ ಪದ್ಧತಿ ನಡೆದುಬಂದಿದೆ. ಇಂದು ಅಂಗಡಿಯಲ್ಲಿ ಕಾಣುವ ಹೊದಿಕೆಯ ಆಕಾರ ಯಾರ ಚಪಲದಿಂದಲೂ ಬಂದದ್ದಲ್ಲ, ಹಾಗೆ ಬಿದ್ದವರಿಂದ ಬಂದದ್ದು.

ಈಗ ಹಣದ ಮಾತು. ಓಟದ ಹೊದಿಕೆ ಬೇಕೇಬೇಕೆ? ಹೊಸಬನಿಗೆ ಬೇಡ ಎಂದೇ ನನ್ನ ಅಭಿಪ್ರಾಯ. ಬಹುಪಾಲು ಟ್ರ್ಯಾಕ್ ಡೇಗಳಲ್ಲಿ ಕನ್ನಡಿ ಬಿಚ್ಚಿ, ದೀಪಗಳ ಮೇಲೆ ಅಂಟುಪಟ್ಟಿ ಹಚ್ಚಿದರೆ ಕಂಪನಿಯ ಹೊದಿಕೆಯಿಂದಲೇ ಒಳಗೆ ಬಿಡುತ್ತಾರೆ. ಹೊದಿಕೆ ವಾಹನವನ್ನು ಕಾಯುತ್ತದೆ, ಸವಾರನನ್ನು ಕಾಯುವುದಿಲ್ಲ. 2023ರ ಆಗಸ್ಟ್ 5ರಂದು ಮದ್ರಾಸಿನ ಅಂಗಳದಲ್ಲಿ ಬೆಂಗಳೂರಿನ ಹದಿಮೂರು ವರ್ಷದ ಬಾಲಸವಾರನೊಬ್ಬ ಪಂದ್ಯದಲ್ಲಿ ಬಿದ್ದು ತೀರಿಹೋದ ಸುದ್ದಿಯನ್ನು ಇದೇ ಮೇಜಿನ ಮೇಲೆ ನಾವೆಲ್ಲ ಓದಿದೆವು. ಮೊದಲ ದುಡ್ಡು ಹೆಲ್ಮೆಟ್ಟಿಗೆ, ಚರ್ಮದ ಉಡುಪಿಗೆ, ಕೈಗವಸಿಗೆ, ಬೂಟಿಗೆ. ಆಮೇಲೆ ಟೈರು ಮತ್ತು ಬ್ರೇಕಿಗೆ. ಉಳಿದರೆ ಹೊದಿಕೆಗೆ.

ಹಾಗಾದರೆ ಯಾವಾಗ ಬೇಕು? ಒಮ್ಮೆ ಬಿದ್ದಾಗ ತಿಳಿಯುತ್ತದೆ. ನನ್ನ ತಮ್ಮ ಉಗ್ರಾಣವೊಂದರಲ್ಲಿ ಬಿಲ್ಲು ಬರೆಯುವವನು. ಚೀಟಿ ಎತ್ತಿದ ಹಣದಿಂದ ಹಳೆಯದೊಂದು 300 ಸಿಸಿ ವಾಹನವನ್ನು ಕೊಂಡಿದ್ದ. ತನ್ನ ಎರಡನೆಯ ಟ್ರ್ಯಾಕ್ ಡೇಯಲ್ಲಿ ಮಧ್ಯಾಹ್ನದ ಸರದಿಗೆ ಇಳಿದಾಗ, ಮುಂದೆ ಹೋಗುತ್ತಿದ್ದ ಒಂದು ವಾಹನದ ತಂಪುದ್ರವದ ಕೊಳವೆ ಕಳಚಿತು. ಆ ವಾಹನಕ್ಕೆ ಕಣ್ಣು ಕೋರೈಸುವ ಬಣ್ಣದ ಓಟದ ಹೊದಿಕೆ ಇತ್ತು. ಅದರ ಹೊಟ್ಟೆ ಮಾತ್ರ ತೂತು. ದ್ರವವೆಲ್ಲ ತಿರುವಿನ ಮೇಲೆ ಚೆಲ್ಲಿತು. ಆ ಸವಾರನಿಗೆ ಏನೂ ಆಗಲಿಲ್ಲ. ಹಿಂದೆ ಬರುತ್ತಿದ್ದ ನನ್ನ ತಮ್ಮನೂ ಇನ್ನೊಬ್ಬನೂ ಬಿದ್ದರು. ತಮ್ಮನ ಕೊರಳೆಲುಬು ಮುರಿಯಿತು. ಆರು ವಾರ ಸಂಬಳವಿಲ್ಲದ ರಜೆ. ಊರಿನಿಂದ ತಾಯಿ ಬಂದು ನಮ್ಮ ಒಂದೇ ಕೋಣೆಯ ಮನೆಯಲ್ಲಿ ಅವನಿಗೆ ಊಟ ಮಾಡಿಸುತ್ತ, ನನ್ನನ್ನು ಬೈಯುತ್ತ ಇದ್ದಳು. 'ದೊಡ್ಡವನಾಗಿ ನೀನು ತಡೆಯಲಿಲ್ಲ' ಎಂಬುದೇ ಅವಳ ಮಾತು. ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ವಾಹನದ ಎಡಪಕ್ಕೆ, ಮುಖ, ಬಾಲ ಮೂರೂ ಒಡೆದಿದ್ದವು. ಕಂಪನಿಯ ಬಿಡಿಭಾಗದ ಬೆಲೆ ಕೇಳಿದಾಗ ಮೂರು ತುಂಡಿಗೆ ಅವನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚಾಯಿತು. ಓಟದ ಹೊದಿಕೆಯ ನಿಜವಾದ ಉಪಯೋಗ ಆಗ ಅರ್ಥವಾಯಿತು. ಕಂಪನಿಯ ಹೊದಿಕೆಯನ್ನು ಬಿಚ್ಚಿ ಜೋಪಾನವಾಗಿ ಇಟ್ಟು, ಬೀಳುವುದಾದರೆ ಬೀಳಲಿ ಎಂದು ಅಗ್ಗದ, ತೇಪೆ ಹಾಕಬಹುದಾದ ಚಿಪ್ಪನ್ನು ತೊಡಿಸುವುದು. ಎಂಜಿನ್ನು ಒಡೆದರೆ ಎಣ್ಣೆಯನ್ನು ಹಿಡಿದುಕೊಳ್ಳುವುದು. ಈ ಎರಡೇ. ವೇಗ ಹೆಚ್ಚುತ್ತದೆ ಎಂದು ಕೊಳ್ಳುವವನು ಮೋಸ ಹೋಗುತ್ತಾನೆ. ಸಣ್ಣ ಎಂಜಿನ್ನಿಗೆ ಸವಾರನು ತಲೆ ತಗ್ಗಿಸಿ ಮೊಣಕೈ ಒಳಗೆಳೆದುಕೊಂಡರೆ ಸಿಗುವ ಲಾಭ ಯಾವ ಹೊದಿಕೆಯಿಂದಲೂ ಸಿಗದು.

ಇನ್ನು ಮಾಲಿನ ಗುಣವನ್ನು ನೋಡೋಣ. ಇಲ್ಲಿ ನನ್ನ ಗಿರಣಿಯ ಅನುಭವ ಕೆಲಸಕ್ಕೆ ಬಂತು. ಏಕೆಂದರೆ ಓಟದ ಹೊದಿಕೆ ಎಂಬುದು ಒಂದು ಬಗೆಯ ಬಟ್ಟೆಯೇ. ಗಾಜನ್ನು ಕರಗಿಸಿ ಕೂದಲಿಗಿಂತ ಸಣ್ಣ ಎಳೆ ತೆಗೆದು, ಆ ಎಳೆಯಿಂದ ಬಟ್ಟೆ ಮಾಡಿ, ಅಚ್ಚಿನೊಳಗೆ ಹಾಸಿ, ರಾಳ ಕುಡಿಸಿ ಗಟ್ಟಿಮಾಡುತ್ತಾರೆ. ಕಂಪನಿಯವರು ರಸ್ತೆಯ ವಾಹನಕ್ಕೆ ಕೊಡುವುದು ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್ಕು. ಅದು ಒಡೆದರೆ ಹಿಡಿತದ ಕಿವಿಗಳು ಮೊದಲು ಹೋಗುತ್ತವೆ, ಮತ್ತೆ ಕೂಡಿಸುವುದು ಕಷ್ಟ. ಗಾಜಿನ ನಾರು ಹಾಗಲ್ಲ, ಎಷ್ಟು ಸಾರಿಯಾದರೂ ತೇಪೆ ಹಾಕಬಹುದು.

ಗಾಜಿನ ಬಟ್ಟೆಯಲ್ಲಿ ಎರಡು ಜಾತಿ. ಒಂದು, ತುಂಡರಿಸಿದ ಎಳೆಗಳನ್ನು ಹೇಗೆಂದರೆ ಹಾಗೆ ಚೆಲ್ಲಿ ಅಂಟಿಸಿದ್ದು. ಅದು ಕಂಬಳಿಯ ಉಣ್ಣೆಯನ್ನು ಒತ್ತಿದಂತೆ ಕಾಣುವುದು. ಇದಕ್ಕೆ ಅಂಗಡಿಯವರು ಮ್ಯಾಟ್ ಎನ್ನುತ್ತಾರೆ. ಎರಡನೆಯದು, ಹಾಸು ಹೊಕ್ಕು ಹಾಕಿ ನೇಯ್ದದ್ದು. ಎರಡನ್ನೂ ನಮ್ಮ ಗಿರಣಿಯ ಬಟ್ಟೆಯಂತೆಯೇ ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಅಳೆಯುತ್ತಾರೆ. ಮ್ಯಾಟ್ ಅಗ್ಗ, ಅಚ್ಚಿಗೆ ಸುಲಭವಾಗಿ ಕೂರುತ್ತದೆ. ಆದರೆ ಬಹಳ ರಾಳ ಕುಡಿಯುತ್ತದೆ. ಅದರಲ್ಲಿ ಮಾಡಿದ ಸಾಮಾನಿನ ತೂಕದಲ್ಲಿ ಗಾಜು ನೂರಕ್ಕೆ ಮೂವತ್ತರ ಆಸುಪಾಸು, ಉಳಿದುದೆಲ್ಲ ರಾಳ. ನೇಯ್ದ ಬಟ್ಟೆಯಲ್ಲಿ ಕೆಲಸ ಬಲ್ಲವನು ಗಾಜನ್ನು ನೂರಕ್ಕೆ ಐವತ್ತರವರೆಗೆ ತರಬಲ್ಲನು. ಬಲವಿರುವುದು ಎಳೆಯಲ್ಲಿ, ರಾಳದಲ್ಲಲ್ಲ. ರಾಳ ಹೆಚ್ಚಾದರೆ ಭಾರ ಹೆಚ್ಚು, ಪೆಟ್ಟು ಬಿದ್ದಾಗ ಹಪ್ಪಳದಂತೆ ಮುರಿಯುತ್ತದೆ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಹೊದಿಕೆಯ ಒಟ್ಟು ಮೈ ಒಂದೂವರೆ ಚದರ ಮೀಟರ್ ಎಂದಿಟ್ಟುಕೊಳ್ಳಿ. 450 ಗ್ರಾಮಿನ ಮ್ಯಾಟ್ ಎರಡು ಪದರ ಹಾಕಿದರೆ ಚದರ ಮೀಟರಿಗೆ ಗಾಜು 900 ಗ್ರಾಂ. ಅದು ನೂರಕ್ಕೆ ಮೂವತ್ತು ಪಾಲಾದರೆ ಒಟ್ಟು ತೂಕ ಚದರ ಮೀಟರಿಗೆ 3 ಕಿಲೋ, ಒಂದೂವರೆಗೆ ನಾಲ್ಕೂವರೆ ಕಿಲೋ. 300 ಗ್ರಾಮಿನ ನೇಯ್ದ ಬಟ್ಟೆ ಎರಡು ಪದರವಾದರೆ ಗಾಜು 600, ರಾಳ 600, ಒಟ್ಟು 1200 ಗ್ರಾಂ. ಒಂದೂವರೆಗೆ 1800 ಗ್ರಾಂ. ಮೇಲೆ ಬಳಿಯುವ ಜೆಲ್ ಕೋಟ್ ಎಂಬ ಲೇಪವು ಅರ್ಧ ಮಿಲಿಮೀಟರ್ ದಪ್ಪವಾದರೆ ಎರಡಕ್ಕೂ ಸುಮಾರು 900 ಗ್ರಾಂ ಸೇರಿಸಿ. ಮೊದಲನೆಯದು 5.4 ಕಿಲೋ, ಎರಡನೆಯದು 2.7 ಕಿಲೋ. ನೋಡಲು ಎರಡೂ ಒಂದೇ, ಬೆಲೆಯಲ್ಲಿ ಮಾತ್ರ ಅಂತರ. ಹಾಗೆಂದು ತೀರ ಹಗುರವಾದುದೂ ಒಳ್ಳೆಯದಲ್ಲ. ತೆಳುವಾದ ಹಾಳೆ ಗಾಳಿಗೆ ಪಟಪಟ ಬಡಿದುಕೊಳ್ಳುತ್ತದೆ. ಒಳ್ಳೆಯ ಕೆಲಸಗಾರನು ಅಂಚಿನಲ್ಲಿಯೂ ತಿರುಪು ಕೂರುವಲ್ಲಿಯೂ ಎರಡು ಪದರ ಹೆಚ್ಚಿಗೆ ಹಾಕಿರುತ್ತಾನೆ, ನಮ್ಮ ದರ್ಜಿಗಳು ಜೇಬಿನ ಮೂಲೆಗೆ ಹೆಚ್ಚು ಹೊಲಿಗೆ ಹಾಕುವಂತೆ.

ನೇಯ್ಗೆಯಲ್ಲಿಯೂ ಭೇದವಿದೆ. ಸಾದಾ ನೇಯ್ಗೆ ಬಿಗಿ, ಉಬ್ಬುತಗ್ಗಿನ ಅಚ್ಚಿಗೆ ಬಗ್ಗುವುದಿಲ್ಲ, ಸುಕ್ಕು ಬೀಳುತ್ತದೆ. ಟ್ವಿಲ್ ನೇಯ್ಗೆ, ಅಂದರೆ ನಾವು ಪ್ಯಾಂಟಿನ ಬಟ್ಟೆಯಲ್ಲಿ ಕಾಣುವ ಓರೆಗೆರೆಯದು, ಬಳುಕಿ ಕೂರುತ್ತದೆ. ಕಾರ್ಬನ್ ನಾರಿನ ಹೊದಿಕೆಯಲ್ಲಿ ಹೊಳೆಯುವ ಓರೆಗೆರೆಗಳು ಇದೇ ಟ್ವಿಲ್. ಕಾರ್ಬನ್ ಬಹಳ ಹಗುರ, ಬಹಳ ಬಿಗಿ, ಬಹಳ ತುಟ್ಟಿ. ಮುರಿದರೆ ಚೂಪಾದ ಚೂರಾಗುತ್ತದೆ. ಬೀಳುವುದಕ್ಕೆಂದೇ ಕೊಳ್ಳುವ ಸಾಮಾನನ್ನು ಕಾರ್ಬನ್ನಿನಲ್ಲಿ ಕೊಳ್ಳುವುದು ನಮ್ಮಂಥವರ ಕೆಲಸವಲ್ಲ. ಗಾಜಿನ ಬಟ್ಟೆಗೆ ಕಾರ್ಬನ್ನಿನ ಚಿತ್ರದ ಹಾಳೆ ಅಂಟಿಸಿ ಮಾರುವವರೂ ಇದ್ದಾರೆ. ಹಿಂಬದಿ ತಿರುಗಿಸಿ ನೋಡಿದರೆ ಬಿಳಿಯ ಗಾಜು ಕಾಣುತ್ತದೆ.

ಹಿಂಬದಿ ನೋಡುವುದೇ ಕೊಳ್ಳುವವನ ಮೊದಲ ಕೆಲಸ. ಅಂಗಡಿಯವನು ಮುಂಬದಿಯ ಬಣ್ಣವನ್ನು ತೋರಿಸುತ್ತಾನೆ, ನೀವು ತುಂಡನ್ನು ಮಗುಚಿ ಹಾಕಿ. ಹಾಸುಹೊಕ್ಕು ಕಾಣುತ್ತದೆಯೋ ಕೂದಲ ಕಂತೆ ಕಾಣುತ್ತದೆಯೋ ನೋಡಿ. ಬಣ್ಣವಿಲ್ಲದ ತುಂಡಾದರೆ ಹಿಂದಿನಿಂದ ಟಾರ್ಚು ಹಿಡಿಯಿರಿ. ರಾಳ ಕುಡಿಯದ ಜಾಗ ಬಿಳಿಚಿ ಕಾಣುವುದು, ಗಾಳಿಗುಳ್ಳೆಗಳು ಚುಕ್ಕೆಯಾಗಿ ಕಾಣುವವು. ಒಂದು ರೂಪಾಯಿ ನಾಣ್ಯದಿಂದ ತಟ್ಟುತ್ತ ಹೋಗಿ. ಎಲ್ಲ ಕಡೆ ಟಣ್ ಎಂದು ಬಂದ ಸದ್ದು ಒಂದು ಕಡೆ ಮಂಕಾದರೆ ಅಲ್ಲಿ ಪದರ ಬಿಟ್ಟಿದೆ. ಮೂಸಿ ನೋಡಿ. ಕಡು ರಾಳದ ವಾಸನೆ ಬಂದು ಹಿಂಬದಿ ಬೆರಳಿಗೆ ಅಂಟಿದರೆ ಅದು ಇನ್ನೂ ಪಕ್ವವಾಗಿಲ್ಲ, ಬಿಸಿಲಿಗೆ ಸೊಟ್ಟಗಾಗುವುದು. ಕೊನೆಗೆ ತಕ್ಕಡಿಗೆ ಹಾಕಿಸಿ. ಪುತ್ಲಿಬೌಲಿಯ ಅಂಗಡಿಯೊಂದರಲ್ಲಿ ನಾನು ತಕ್ಕಡಿ ಕೇಳಿದಾಗ 'ಇದೇನು ಈರುಳ್ಳಿಯೇ?' ಎಂದು ನಕ್ಕರು. ನಗಲಿ.

ಇದೆಲ್ಲಕ್ಕಿಂತ ಮುಖ್ಯವಾದುದು ಹೊಟ್ಟೆಯ ತುಂಡು. ಅಂತರರಾಷ್ಟ್ರೀಯ ಪಂದ್ಯಗಳ ನಿಯಮದಲ್ಲಿ, ಎಂಜಿನ್ನಿನ ಎಣ್ಣೆ ಮತ್ತು ತಂಪುದ್ರವ ಎರಡನ್ನೂ ಕೂಡಿಸಿ ಬಂದುದರ ಅರ್ಧದಷ್ಟನ್ನಾದರೂ ಈ ಹೊಟ್ಟೆ ಹಿಡಿಯತಕ್ಕದ್ದು ಎಂದಿದೆ. ಪಕ್ಕೆಯ ತೆರಪುಗಳ ಕೆಳ ಅಂಚು ಹೊಟ್ಟೆಯ ತಳಕ್ಕಿಂತ 50 ಮಿಲಿಮೀಟರಾದರೂ ಮೇಲಿರಬೇಕು. ಮಳೆಯ ನೀರು ಹೋಗಲು ಮುಂಭಾಗದ ತಳದಲ್ಲಿ 25 ಮಿಲಿಮೀಟರಿನ ತೂತು ಇಟ್ಟು, ಒಣ ದಿನಗಳಲ್ಲಿ ಅದನ್ನು ಮುಚ್ಚಿ, ಮಳೆಯಲ್ಲಿ ಮಾತ್ರ ತೆಗೆಯಬೇಕು. ಟ್ರ್ಯಾಕ್ ಡೇಗಳಲ್ಲಿ ಇಷ್ಟು ಕಟ್ಟುನಿಟ್ಟು ಎಲ್ಲ ಕಡೆ ಇಲ್ಲ. ಇಲ್ಲವೆಂದು ನಾವು ಬಿಡಬಾರದು. ಈ ತುಂಡು ನಮಗಾಗಿ ಅಲ್ಲ, ಹಿಂದೆ ಬರುವವನಿಗಾಗಿ.

ತಮ್ಮನ ಎಲುಬು ಕೂಡಿದ ಮೇಲೆ ಅವನು ಬೇರೆ ಊರಿನ ಒಬ್ಬ ವ್ಯಾಪಾರಿಯಿಂದ ಒಂದು ಜೊತೆ ಹೊದಿಕೆ ತರಿಸಿದ. ಪೆಟ್ಟಿಗೆ ಬಿಚ್ಚಿದಾಗ ನಮಗೆಲ್ಲ ಸಂತೋಷವಾಯಿತು, ಅಷ್ಟು ನುಣುಪು. ಹೊಟ್ಟೆ ಮಾತ್ರ ಎಡಬಲ ಎರಡು ಹೋಳಾಗಿ ಬಂದು ನಡುವೆ ಮೂರು ತಿರುಪಿನಿಂದ ಕೂಡುತ್ತಿತ್ತು. ಬೀಳುವ ಮುಂಚೆ ಇದನ್ನು ನಾನು ಗಮನಿಸುತ್ತಲೇ ಇರಲಿಲ್ಲ. ಅಂಗಳದಲ್ಲಿ ತೆಗೆಯುವ ಮೊದಲು ಮನೆಯ ಹಿತ್ತಲಲ್ಲಿಯೇ ನೋಡೋಣವೆಂದು, ಅದನ್ನು ಎರಡು ಇಟ್ಟಿಗೆಯ ಮೇಲೆ ಸಮನಾಗಿ ಕೂರಿಸಿದೆ. ಕೈಪಿಡಿಯ ಪ್ರಕಾರ ಅವನ ವಾಹನದ ಎಣ್ಣೆ, ದ್ರವ ಕೂಡಿ ಎರಡೂವರೆ ಲೀಟರಿನಷ್ಟು. ಅರ್ಧವೆಂದರೆ ಒಂದೂಕಾಲು. ಅಳತೆಯ ಜಾಡಿಯಿಂದ ಅಷ್ಟು ನೀರು ಸುರಿದೆ. ನೂರು ಎಣಿಸುವಷ್ಟರಲ್ಲಿ ಎಲ್ಲವೂ ನೆಲದ ಮೇಲಿತ್ತು. ತಮ್ಮನ ಮುಖ ನೋಡಲಾಗಲಿಲ್ಲ. ತನ್ನನ್ನು ಬೀಳಿಸಿದಂಥದೇ ತೂತಿನ ಹೊಟ್ಟೆಯನ್ನು ತಾನೇ ಹಣ ಕೊಟ್ಟು ತರಿಸಿಕೊಂಡಿದ್ದ. ವ್ಯಾಪಾರಿಗೆ ಫೋನು ಮಾಡಿದರೆ, ಬಣ್ಣ ಹಚ್ಚಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದನು. ಆದುದರಿಂದ ವಾಚಕರು ನೆನಪಿಡಬೇಕಾದ ಸಂಗತಿ ಇದು: ನೀರಿನ ಪರೀಕ್ಷೆ ಮೊದಲು, ಬಣ್ಣ ಆಮೇಲೆ.

ನಾವೇ ಅದನ್ನು ಸರಿಮಾಡಿದೆವು. ರಾಣಿಗಂಜಿನಲ್ಲಿ ನೇಯ್ದ ಗಾಜಿನ ಬಟ್ಟೆ, ರಾಳ, ಗಟ್ಟಿಕಾರಕ ತಂದೆವು. ಎರಡು ಹೋಳನ್ನು ಕೂಡಿಸಿ, ಒಳಬದಿಯನ್ನು ಮರಳುಕಾಗದದಿಂದ ಒರಟು ಮಾಡಿ, ಸಂದಿನ ಉದ್ದಕ್ಕೂ ಮೂರು ಪದರ ಹಾಕಿದೆವು. ಮೊದಲ ಪದರ ಅಗಲ ಕಿರಿದು, ಮೇಲಿನದು ಅಗಲ ಹಿರಿದು. ಮುಂದಿನ ಅಂಚಿನಲ್ಲಿ ಒಂದು ಅಡ್ಡಗೋಡೆ ಎಬ್ಬಿಸಿದೆವು. ಬ್ರೇಕು ಹಿಡಿದಾಗ ದ್ರವ ಮುಂದಕ್ಕೆ ನುಗ್ಗುವುದನ್ನು ಮರೆಯಬಾರದು. ಸಮನೆಲದ ಮೇಲೆ ಹಿಡಿಯುವ ಹೊಟ್ಟೆ ಬ್ರೇಕಿನಲ್ಲಿ ಕಕ್ಕಿಬಿಡಬಹುದು. ಮರುದಿನ ಮೂರು ಲೀಟರ್ ನೀರು ತುಂಬಿ ರಾತ್ರಿಯಿಡೀ ಬಿಟ್ಟೆವು. ಒಂದು ತೊಟ್ಟು ಇಳಿಯಲಿಲ್ಲ. ಆಗ ಹಿಂದಕ್ಕೂ ಮುಂದಕ್ಕೂ ಓರೆಮಾಡಿ ನೋಡಿದೆವು.

ಈ ಕೆಲಸ ಮಾಡುವವರು ಜೀವದ ಕಡೆ ಲಕ್ಷ್ಯ ಕೊಡಬೇಕು. ಬಾಲಾನಗರ, ಜೀಡಿಮೆಟ್ಲ ಕಡೆ ಫೈಬರ್ ಕೆಲಸಕ್ಕೆ ಹೋಗುವ ನಮ್ಮ ಹುಡುಗರಿಗೂ ಇದು ಅನ್ವಯಿಸುತ್ತದೆ. ಪಾಲಿಯೆಸ್ಟರ್ ರಾಳವನ್ನು ಗಟ್ಟಿಮಾಡುವ ಎಂ.ಇ.ಕೆ.ಪಿ. ಎಂಬ ದ್ರವ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು, ಕನ್ನಡಕವಿಲ್ಲದೆ ಮುಟ್ಟಬೇಡಿ. ಅದನ್ನು ರಾಳಕ್ಕೆ ನೂರಕ್ಕೆ ಒಂದೆರಡು ಪಾಲು ಮಾತ್ರ ಹಾಕುವುದು. ವೇಗವರ್ಧಕವಾದ ಕೋಬಾಲ್ಟ್ ದ್ರವವನ್ನೂ ಎಂ.ಇ.ಕೆ.ಪಿ.ಯನ್ನೂ ಎಂದಿಗೂ ನೇರವಾಗಿ ಬೆರೆಸಕೂಡದು, ಸಿಡಿದು ಬೆಂಕಿಯಾಗುತ್ತದೆ. ಒಂದನ್ನು ರಾಳದಲ್ಲಿ ಚೆನ್ನಾಗಿ ಕಲಸಿದ ಮೇಲೆಯೇ ಇನ್ನೊಂದು. ಉಜ್ಜುವಾಗ ಏಳುವ ಗಾಜಿನ ಧೂಳು ಚರ್ಮಕ್ಕೂ ಗಂಟಲಿಗೂ ಕೆಟ್ಟದ್ದು. ಮುಖಕ್ಕೆ ಮುಚ್ಚಿಗೆ ಕಟ್ಟಿಕೊಂಡು, ನೀರು ಹಾಕುತ್ತ ಉಜ್ಜಬೇಕು. ನಾನು ಮೊದಲ ದಿನ ಅರ್ಧ ತೋಳಿನ ಅಂಗಿಯಲ್ಲಿ ಉಜ್ಜಿ ಎರಡು ರಾತ್ರಿ ತುರಿಸಿಕೊಂಡೆ.

ತಂಪುದ್ರವದ ವಿಷಯ ಒಂದು ಮಾತು. ರಸ್ತೆಯ ವಾಹನದಲ್ಲಿ ಹಾಕುವ ಹಸಿರು ದ್ರವದಲ್ಲಿ ಗ್ಲೈಕಾಲ್ ಇದೆ. ಅದು ನೆಲಕ್ಕೆ ಚೆಲ್ಲಿದರೆ ಎಣ್ಣೆಯಂತೆ ಜಾರುತ್ತದೆ, ಬೇಗ ಆರುವುದಿಲ್ಲ. ಪಂದ್ಯಗಳಲ್ಲಿ ಅದಕ್ಕೆ ಅವಕಾಶವಿಲ್ಲ, ನೀರನ್ನೇ ಹಾಕಬೇಕು. ಟ್ರ್ಯಾಕ್ ಡೇಗೆ ಹೋಗುವವರೂ ಬಟ್ಟಿಯಿಳಿಸಿದ ನೀರು ಹಾಕಿಕೊಂಡು ಹೋಗುವುದು ಮೇಲು. ಆದರೆ ಬರೀ ನೀರಿನಿಂದ ಒಳಗೆ ತುಕ್ಕು ಹಿಡಿಯುವುದರಿಂದ, ಮರಳಿ ಬಂದ ಮೇಲೆ ಮೊದಲಿನ ದ್ರವವನ್ನೇ ತುಂಬಬೇಕು.

ತೊಡಿಸುವ ಕೆಲಸಕ್ಕೆ ಒಂದು ಭಾನುವಾರ ಇಡೀ ಬೇಕು. ಓಟದ ಹೊದಿಕೆಗಳು ಬಹುಮಟ್ಟಿಗೆ ತೂತಿಲ್ಲದೆ ಬರುತ್ತವೆ. ಹೊಸಬರು ಇದನ್ನು ಕೊರತೆಯೆಂದು ತಿಳಿಯುತ್ತಾರೆ. ಬಿದ್ದು ಎದ್ದ ವಾಹನದ ಚೌಕಟ್ಟು, ಹಿಡಿಕೆಗಳು ಕೂದಲೆಳೆಯಷ್ಟಾದರೂ ಸೊಟ್ಟಾಗಿರುವುದರಿಂದ ತೂತನ್ನು ವಾಹನದ ಮೇಲಿಟ್ಟೇ ಗುರುತಿಸುವುದು ಒಳ್ಳೆಯದು. ಮೊದಲು ಮುಖ, ಆಮೇಲೆ ಹೊಟ್ಟೆ, ನಡುವೆ ಪಕ್ಕೆಗಳು. ಎಲ್ಲವನ್ನೂ ಅಂಟುಪಟ್ಟಿಯಿಂದ ನಿಲ್ಲಿಸಿ, ದೂರ ನಿಂತು ನೋಡಿ, ಆಮೇಲೆ ಕೊರೆಯಿರಿ. ತೂತು ತಿರುಪಿಗಿಂತ ತುಸು ದೊಡ್ಡದಿರಲಿ, ನಡುವೆ ರಬ್ಬರ್ ಬಿಲ್ಲೆ ಇರಲಿ. ಬಿಗಿಯಾಗಿ ಹಿಡಿದ ತುಂಡು ಎಂಜಿನ್ನಿನ ನಡುಕಕ್ಕೆ ತಿರುಪಿನ ಬುಡದಲ್ಲಿ ಸೀಳುವುದು.

ಹ್ಯಾಂಡಲನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ ನೋಡಿ. ಲಿವರಿಗೂ ಹೊದಿಕೆ ಅಥವಾ ಟ್ಯಾಂಕಿಗೂ ನಡುವೆ 30 ಮಿಲಿಮೀಟರ್ ತೆರಪಿರಬೇಕು, ಇಲ್ಲದಿದ್ದರೆ ಬೀಳುವಾಗ ಬೆರಳು ಸಿಕ್ಕಿಕೊಳ್ಳುತ್ತದೆ. ಇಬ್ಬರು ಮುಂಭಾಗವನ್ನು ಅದುಮಿ ಹಿಡಿದು ಟೈರು ಎಲ್ಲಿಯೂ ತಾಗದಂತೆ ನೋಡಬೇಕು. ವಾಹನವನ್ನು ಓರೆಮಾಡಿದಾಗ ಟೈರಿನ ಹೊರತು ಏನೂ ನೆಲಕ್ಕೆ ತಾಗಬಾರದು. ಪಂದ್ಯದ ನಿಯಮದಲ್ಲಿ ನೆಟ್ಟಗಿನಿಂದ 50 ಡಿಗ್ರಿಯವರೆಗೆ ಈ ಪರೀಕ್ಷೆ ಇದೆ. ಸೈಲೆನ್ಸರಿನ ಕೊಳವೆಯ ಹತ್ತಿರ ಬೆರಳು ತೂರುವಷ್ಟು ಅಂತರ ಬಿಟ್ಟು ಒಳಬದಿಗೆ ಶಾಖ ತಡೆಯುವ ತಗಡುಹಾಳೆ ಅಂಟಿಸಿ. ಅಂಚುಗಳನ್ನೆಲ್ಲ ಉಜ್ಜಿ ದುಂಡಗೆ ಮಾಡಿ. ರೇಡಿಯೇಟರಿನಿಂದ ಬಿಸಿಗಾಳಿ ಹೊರಹೋಗುವ ಕಿಂಡಿಯನ್ನು ಅಂದಕ್ಕಾಗಿ ಮುಚ್ಚಿದ ಹೊದಿಕೆಗಳಿವೆ, ನಮ್ಮ ಬಿಸಿಲಿನ ನಾಡಿಗೆ ಅಂಥವು ಆಗವು.

ತಿರುಪಿನ ಬದಲು ಕಾಲುಸುತ್ತಿನ ಬೀಗಗಳು ಸಿಗುತ್ತವೆ, ಒಂದು ತಿರುವಿಗೆ ಬಿಚ್ಚುತ್ತವೆ. ಇವಕ್ಕೆ ಡ್ಜೂಸ್ ಎಂದು ಹೆಸರು. ಉಕ್ರೇನಿನಿಂದ ಅಮೆರಿಕಕ್ಕೆ ದುಡಿಯಲು ಹೋದ ವಿಲಿಯಂ ಡ್ಜೂಸ್ ಎಂಬಾತ 1930ರ ದಶಕದಲ್ಲಿ ವಿಮಾನದ ಮುಚ್ಚಳಗಳಿಗಾಗಿ ಇವನ್ನು ಮಾಡಿದ. ಹೊಟ್ಟೆ ಮತ್ತು ಪಕ್ಕೆ ಕೂಡುವಲ್ಲಿ ಇವು ಅನುಕೂಲ. ಎಲ್ಲ ಕಡೆ ಹಾಕಿ ಹಣ ಸುರಿಯಬೇಕಾಗಿಲ್ಲ.

ಈ ಹೊದಿಕೆ ತೊಟ್ಟ ವಾಹನವನ್ನು ರಸ್ತೆಗೆ ತರುವಂತಿಲ್ಲ. ಅದಕ್ಕೆ ದೀಪವಿಲ್ಲ, ನಂಬರ್ ಫಲಕವಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ಇಂತಹ ಬದಲಾವಣೆಗಳಿಗೆ ಅಡ್ಡಿ. ಕಂಪನಿಯ ಹೊದಿಕೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಡಿ, ಮಾರಬೇಡಿ. ವಾಹನ ಮಾರುವ ದಿನ ಅದು ಬೇಕಾಗುತ್ತದೆ. ರೈಲಿನ ಪಾರ್ಸಲಿನಲ್ಲಿ ಕಳಿಸುವವರು ಪೆಟ್ರೋಲನ್ನು ಪೂರ್ತಿ ಬಸಿದು, ಓಟದ ಹೊದಿಕೆಯನ್ನು ಬಿಚ್ಚಿ ಕೈಸಾಮಾನಾಗಿ ಒಯ್ಯುವುದು ಲೇಸು. ಒಂದೇ ವಾಹನವಿದ್ದು ಅದರಲ್ಲಿಯೇ ಕೆಲಸಕ್ಕೆ ಹೋಗಬೇಕಾದವರು ಎರಡು ಸಾರಿ ಯೋಚಿಸಲಿ. ಶನಿವಾರ ಬಿಚ್ಚಿ ಸೋಮವಾರ ತೊಡಿಸುವ ಉತ್ಸಾಹ ಮೂರನೆಯ ಸಾರಿಗೆ ಉಳಿಯುವುದಿಲ್ಲ.

ಯಾವ ಮಾದರಿಗೆ ಹೊದಿಕೆ ಸುಲಭವಾಗಿ ಸಿಗುವುದೆಂದು ಕೆಲವರು ಕೇಳಿದ್ದಾರೆ. ಒಂದೇ ಮಾದರಿಯ ಪಂದ್ಯಗಳು ನಡೆಯುವ ವಾಹನಗಳಿಗೆ ಅಚ್ಚು ಮಾಡಿಟ್ಟುಕೊಂಡವರು ಹೆಚ್ಚು. ನಮ್ಮ ಕನ್ನಡಿಗರೂ ಬಹಳ ಮಂದಿ ಇರುವ ಗಡಿಯ ಹೊಸೂರಿನ ಟಿ.ವಿ.ಎಸ್. ಕಂಪನಿಯವರು 2017ರ ಡಿಸೆಂಬರಿನಲ್ಲಿ ಹೊರತಂದ ಅಪಾಚೆ ಆರ್.ಆರ್. 310 ಅಂಥದೊಂದು. ಹಳೆಯ, ಅಪರೂಪದ ವಾಹನವಾದರೆ ಕೆಲಸಗಾರನು ನಿಮ್ಮ ಹೊದಿಕೆಯಿಂದಲೇ ಅಚ್ಚು ತೆಗೆಯಬೇಕಾಗುವುದು, ಆಗ ಬೆಲೆ ಏರುವುದು. ಇಬ್ಬರು ಮೂವರು ಸೇರಿ ಮಾಡಿಸಿದರೆ ಅಚ್ಚಿನ ಖರ್ಚು ಹಂಚಿಹೋಗುತ್ತದೆ.

ತಮ್ಮ ಆ ಹೊದಿಕೆಯೊಂದಿಗೆ ಎರಡು ಸಾರಿ ಹೋಗಿಬಂದಿದ್ದಾನೆ. ಎರಡನೆಯ ಸಾರಿ ನಿಧಾನದ ತಿರುವಿನಲ್ಲಿ ಜಾರಿದ. ಬಲಪಕ್ಕೆ ಒಂದು ಗೇಣು ಸೀಳಿತು. ಅಂದು ರಾತ್ರಿಯೇ ಹಿತ್ತಲಲ್ಲಿ ತೇಪೆ ಹಾಕಿದೆವು, ಖರ್ಚು ಒಂದು ಬಟ್ಟಲು ರಾಳ. ಈ ವಿಷಯವನ್ನು ತಾಯಿಗೆ ಇನ್ನೂ ಹೇಳಿಲ್ಲ.

ಮ್ಯಾಟಿನದೊಂದು, ನೇಯ್ದ ಬಟ್ಟೆಯದೊಂದು, ಹೀಗೆ ಎರಡು ಒಡಕು ತುಂಡುಗಳನ್ನು ವಾಚನಾಲಯದ ಬೀರುವಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದೇನೆ. ಅಂಚು ಚೂಪಾಗಿರುವುದರಿಂದ ಮಕ್ಕಳ ಕೈಗೆ ಕೊಡಬೇಡಿ. ತಟ್ಟಿ, ಬೆಳಕಿಗೆ ಹಿಡಿದು, ತೂಗಿ ನೋಡಬಹುದು. ನೀರು ಅಳೆಯುವ ಜಾಡಿಯೂ ಅಲ್ಲಿಯೇ ಇದೆ. ಬೇಕಾದವರು ಹೆಸರು ಬರೆಸಿ ಒಯ್ದು, ಎರಡು ದಿನದೊಳಗೆ ತಂದಿಡಬೇಕಾಗಿ ಕೋರಿಕೆ.